ನೆತ್ತರಿನ ಸದ್ದು

ನಮ್ಮ ಕಣಗಲಾ ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಊರು. ಸಂಕೇಶ್ವರದ ಕಡೆಯಿಂದ ನಿಪ್ಪಾಣಿಯ ಕಡೆಗೆ ಲಾರಿಗಳು ಹಗಲಿರುಳೆನ್ನದೆ ಓಡುತ್ತಿರುತ್ತವೆ. ರಸ್ತೆಯ ಬದಿಗೆ ನಿಂತು ಕಿವಿಗೊಟ್ಟವರಿಗೆ ಒಂದು ಸಂಗತಿ ಹೊಳೆದಿರಬೇಕು. ಹಾರ್ನ್ ಒತ್ತಿಕೊಂಡೇ ಬರುವ ಲಾರಿಯ ದನಿ ಅದು ಹತ್ತಿರ ಬರುವಾಗ ಏರುಶ್ರುತಿಯಲ್ಲಿರುತ್ತದೆ. ನಮ್ಮನ್ನು ದಾಟಿ ಮುಂದೆ ಹೋದೊಡನೆ ಥಟ್ಟನೆ ಇಳಿಯುತ್ತದೆ. ಹಾರ್ನ್ ಬದಲಾಗಲಿಲ್ಲ, ಒತ್ತಿದ ಕೈಯೂ ಬದಲಾಗಲಿಲ್ಲ. ನಮ್ಮ ಕಿವಿಗೆ ಬಿದ್ದ ದನಿ ಮಾತ್ರ ಬೇರೆಯಾಯಿತು. ಈ ಸಣ್ಣ ಸಂಗತಿಯೇ ಮನುಷ್ಯನ ಕಾಲನ್ನು ಉಳಿಸಲು ನೆರವಾಗಬಲ್ಲುದು ಎಂದರೆ ಒಮ್ಮೆಗೇ ನಂಬುವುದು ಕಷ್ಟ. ಅದು ಹೇಗೆಂಬುದನ್ನು ಹೇಳಬೇಕೆಂದೇ ಈ ಲೇಖನ.

ನಾನು ಮಾಸ್ತರಿಕೆಗೆ ಸೇರಿದ ಹೊಸತರಲ್ಲಿ ನಮ್ಮ ಓಣಿಯಲ್ಲಿ ರೈತರೊಬ್ಬರಿದ್ದರು. ವಯಸ್ಸು ನಲವತ್ತು ದಾಟಿರಲಿಲ್ಲ. ನಿಪ್ಪಾಣಿ ಸೀಮೆಯ ಬೀಡಿ ತಂಬಾಕಿನ ಹೆಸರು ಎಲ್ಲರೂ ಬಲ್ಲುದೇ; ಅವರ ಹೊಲದಲ್ಲಿಯೂ ತಂಬಾಕು, ತುಟಿಯಲ್ಲಿಯೂ ತಂಬಾಕು. ಹೊಲಕ್ಕೆ ಹೋಗುವಾಗ ದಾರಿಯಲ್ಲಿ ನಾಲ್ಕು ಕಡೆ ಕುಳಿತು ಮೀನಖಂಡ ತಿಕ್ಕಿಕೊಳ್ಳುತ್ತಿದ್ದರು. ಕೇಳಿದರೆ, "ಏನಿಲ್ಲ ಮಾಸ್ತರ್ರ, ವಾತ ಐತಿ. ತುಸು ಕುಂತ್ರ ಬಿಡತೈತಿ" ಎನ್ನುವರು. ಕುಳಿತರೆ ನೋವು ಬಿಡುತ್ತಿದ್ದುದೂ ನಿಜವೇ. ಎಣ್ಣೆ ತಿಕ್ಕಿದ್ದಾಯಿತು, ಲೇಪ ಹಚ್ಚಿದ್ದಾಯಿತು. ಎರಡು ವರ್ಷಗಳಲ್ಲಿ ಹೆಬ್ಬೆರಳು ಕಪ್ಪಾಯಿತು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಮೊಳಕಾಲಿನ ಕೆಳಗೆ ಕತ್ತರಿಸುವುದಲ್ಲದೆ ಬೇರೆ ಗತಿಯಿರಲಿಲ್ಲ. ಅವರ ಕಾಲಿನಲ್ಲಿದ್ದುದು ವಾತವಲ್ಲ. ನೆತ್ತರು ಹರಿಯುವ ದಾರಿ ಕಟ್ಟಿಹೋಗಿತ್ತು.

ವಾತವೆಂದರೆ ಗಾಳಿ. ಈ ಎಣಿಕೆ ನಮ್ಮ ಓಣಿಯದಷ್ಟೇ ಅಲ್ಲ, ಬಹಳ ಹಳೆಯದು. ಹೃದಯದಿಂದ ಹೊರಡುವ ರಕ್ತನಾಳಕ್ಕೆ ನಾವು ಧಮನಿ ಎನ್ನುತ್ತೇವೆ. ಆ ಶಬ್ದದ ಮೂಲ 'ಧ್ಮಾ', ಅಂದರೆ ಊದು ಎಂಬ ಧಾತು. ಗ್ರೀಕರಲ್ಲಿ ಎರಾಸಿಸ್ಟ್ರೇಟಸ್ ಮೊದಲಾದವರೂ ಧಮನಿಗಳಲ್ಲಿ ಹರಿಯುವುದು ಗಾಳಿಯೆಂದೇ ಬಗೆದಿದ್ದರು. ಕ್ರಿಸ್ತಶಕ ಎರಡನೆಯ ಶತಮಾನದ ಗ್ಯಾಲೆನ್ ಎಂಬ ವೈದ್ಯನು ಅಲ್ಲಿರುವುದು ರಕ್ತವೇ ಎಂದು ತೋರಿಸಿದನು. ಆ ರಕ್ತವು ಹೃದಯದಿಂದ ಹೊರಟು ಮೈಯೆಲ್ಲ ಸುತ್ತಿ ಸಿರೆಗಳ ಮೂಲಕ ಮತ್ತೆ ಹೃದಯಕ್ಕೇ ಮರಳುವುದೆಂಬ ಸತ್ಯವನ್ನು ಲೋಕದ ಮುಂದಿಡಲು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಬರಬೇಕಾಯಿತು. ಧಮನಿಯನ್ನೂ ಸಿರೆಯನ್ನೂ ಕೂಡಿಸುವ ಕೂದಲೆಳೆಯಂಥ ನಾಳಗಳನ್ನು 1661ರಲ್ಲಿ ಇಟಲಿಯ ಮಾಲ್ಪೀಘಿ ಸೂಕ್ಷ್ಮದರ್ಶಕದಲ್ಲಿ ಕಂಡನು.

ಹರಿವು ಇದೆಯೆಂದು ತಿಳಿದದ್ದು ಹೀಗೆ. ಆದರೆ ಜೀವಂತ ಮನುಷ್ಯನಲ್ಲಿ ಅದು ಎಲ್ಲಿ ತಡೆದಿದೆಯೆಂದು ಅರಿಯುವುದು ಹೇಗೆ? ನಮ್ಮ ಶಾರ್ಙ್ಗಧರ ಸಂಹಿತೆಯಲ್ಲಿ ನಾಡಿ ಪರೀಕ್ಷೆಯ ಮಾತು ಬರುತ್ತದೆ. ಮಣಿಕಟ್ಟಿನ ನಾಡಿ ಬೆರಳಿಗೆ ಸಿಕ್ಕುವಂತೆ ತೊಡೆಯ ಆಳದ ಧಮನಿಯ ಕಿರಿದಾದ ತಾಣ ಸಿಕ್ಕದು. 1816ರಲ್ಲಿ ಪ್ಯಾರಿಸಿನ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಹೃದಯದ ಸದ್ದನ್ನು ಕೇಳಿದನು. ಸ್ಟೆತಾಸ್ಕೋಪಿನ ಹುಟ್ಟು ಅಲ್ಲಿಂದ. 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೋನಿಜ್ ಧಮನಿಯೊಳಗೆ ದ್ರವ ತುಂಬಿ ಕ್ಷಕಿರಣದ ಚಿತ್ರ ತೆಗೆಯುವ ದಾರಿ ತೋರಿದರು. ಅದರಿಂದ ನಾಳದ ಆಕಾರ ಕಾಣಿಸಿತು; ಆದರೆ ಸೂಜಿ ಚುಚ್ಚಬೇಕು, ಅಪಾಯವೂ ಉಂಟು. ನೋವು ಮಾಡದೆ, ಬೇಕಾದಷ್ಟು ಸಲ ನೋಡಬಹುದಾದ ಉಪಾಯವೊಂದು ಬೇಕಾಗಿತ್ತು.

ಆ ಉಪಾಯದ ಬೀಜ ವೈದ್ಯಶಾಸ್ತ್ರದಲ್ಲಿರಲಿಲ್ಲ, ನಕ್ಷತ್ರಶಾಸ್ತ್ರದಲ್ಲಿತ್ತು. 1842ರಲ್ಲಿ ಪ್ರಾಗ್ ನಗರದ ವಿದ್ವತ್ಸಭೆಯಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಎಂಬ ಗಣಿತದ ಅಧ್ಯಾಪಕನು ಜೋಡಿ ನಕ್ಷತ್ರಗಳ ಬಣ್ಣವನ್ನು ಕುರಿತು ಪ್ರಬಂಧ ಓದಿದನು. ಅಲೆಯನ್ನು ಹೊಮ್ಮಿಸುವ ವಸ್ತು ನಮ್ಮತ್ತ ಬಂದರೆ ಅಲೆಗಳು ಒತ್ತೊತ್ತಾಗಿ ಬರುವುವು, ದೂರ ಸರಿದರೆ ವಿರಳವಾಗುವುವು ಎಂಬುದು ಅವನ ವಾದ. 1845ರಲ್ಲಿ ಹಾಲೆಂಡಿನ ಬಾಯ್ಸ್ ಬ್ಯಾಲಟ್ ಇದನ್ನು ಶಬ್ದದಲ್ಲಿ ಪರೀಕ್ಷಿಸಿದನು. ರೈಲಿನಲ್ಲಿ ಕಹಳೆಯವರನ್ನು ಕೂಡಿಸಿ ಊದಿಸಿ, ಹಳಿಯ ಬದಿಗೆ ಶ್ರುತಿಜ್ಞಾನವುಳ್ಳ ಸಂಗೀತಗಾರರನ್ನು ನಿಲ್ಲಿಸಿದನು. ನಮ್ಮ ಹೆದ್ದಾರಿಯ ಲಾರಿ ಸಾರುವುದನ್ನೇ ಆ ರೈಲೂ ಸಾರಿತು.

ಇನ್ನು ಬೇಕಾದದ್ದು ಮೈಯೊಳಗೆ ಹೊಕ್ಕು ಮರಳಿ ಬರುವ ದನಿ. ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ಅದನ್ನು ಮೀರಿದುದು ಶ್ರವಣಾತೀತ. 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ತೋರುವುದನ್ನು ಕಂಡರು. ವಿದ್ಯುತ್ತು ಕೊಟ್ಟರೆ ಅದೇ ಹರಳು ಕಂಪಿಸುವುದು. ಮೊದಲನೆಯ ಮಹಾಯುದ್ಧದಲ್ಲಿ ಲಾಂಜವನ್ ಇಂಥ ಹರಳಿನಿಂದಲೇ ಶ್ರವಣಾತೀತ ದನಿ ಹೊಮ್ಮಿಸಿ ನೀರಿನೊಳಗಿನ ಜಲಾಂತರ್ಗಾಮಿ ನೌಕೆಗಳನ್ನು ಹುಡುಕಲು ಯತ್ನಿಸಿದರು.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್‌ರೂ ಎನ್. ಎಸ್. ನಾಗೇಂದ್ರನಾಥರೂ ಶ್ರವಣಾತೀತ ಶಬ್ದವು ದ್ರವದಲ್ಲಿ ಹರಿಯುವಾಗ ಅದರ ಮೂಲಕ ಹಾಯುವ ಬೆಳಕು ಹೇಗೆ ಕವಲೊಡೆಯುತ್ತದೆಂಬುದಕ್ಕೆ ಸಿದ್ಧಾಂತ ಕಟ್ಟಿದರು. ಅವರು ರೋಗಿಗಳನ್ನು ನೋಡುತ್ತಿರಲಿಲ್ಲ, ಅಹುದು. ಆದರೆ ಕಿವಿಗೆ ಕೇಳದ ಶಬ್ದದ ನಡೆಯನ್ನು ಬೆಳಕಿನ ನೆರವಿನಿಂದ ಅಳೆಯುವ ವಿದ್ಯೆಗೆ ರಾಮನ್-ನಾಥ್ ಎಂಬ ಹೆಸರು ಇಂದಿಗೂ ಅಂಟಿಕೊಂಡಿದೆ.

1953ರಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಎಡ್ಲರ್ ಎಂಬ ವೈದ್ಯರೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಲೋಹದಲ್ಲಿನ ಬಿರುಕು ಹುಡುಕುವ ಉಪಕರಣದಿಂದಲೇ ಮಿಡಿಯುವ ಹೃದಯದ ಪ್ರತಿಧ್ವನಿಯನ್ನು ಹಿಡಿದರು. ಆ ದಶಕದ ಕೊನೆಯ ವರ್ಷಗಳಲ್ಲಿ ಜಪಾನಿನ ಒಸಾಕಾದಲ್ಲಿ ಶಿಗಿಯೊ ಸತೊಮುರ ಡಾಪ್ಲರನ ತತ್ತ್ವವನ್ನು ಮೊದಲು ಹೃದಯಕ್ಕೂ ಬಳಿಕ ಕೈಕಾಲುಗಳ ಧಮನಿಗಳಿಗೂ ಅನ್ವಯಿಸಿದರು. 1961ರಲ್ಲಿ ಅಮೆರಿಕದ ಸಿಯಾಟಲ್ ನಗರದ ಫ್ರಾಂಕ್ಲಿನ್ ಮತ್ತು ಸಂಗಡಿಗರು ಇದೇ ತತ್ತ್ವದಿಂದ ರಕ್ತದ ಹರಿವನ್ನು ಅಳೆದು ಪ್ರಕಟಿಸಿದರು. ಅದೇ ನಗರದ ಬೇಕರ್ ಮತ್ತು ಸ್ಟ್ರಾಂಡ್ನೆಸ್ ಮುಂತಾದವರು 1974ರ ವೇಳೆಗೆ ನಾಳದ ಚಿತ್ರವನ್ನೂ ಅದರೊಳಗಿನ ಹರಿವನ್ನೂ ಒಟ್ಟಿಗೆ ತೋರುವ ಯಂತ್ರವನ್ನು ರೂಪಿಸಿದರು. 1980ರ ದಶಕದಲ್ಲಿ ಜಪಾನೀಯರು ಆ ಹರಿವಿಗೆ ಬಣ್ಣ ಕೊಟ್ಟರು. ಅಂದಿನಿಂದ ಯಂತ್ರದತ್ತ ಬರುವ ರಕ್ತವನ್ನು ಕೆಂಪಾಗಿ, ದೂರ ಸರಿಯುವುದನ್ನು ನೀಲಿಯಾಗಿ ತೋರಿಸುವುದು ರೂಢಿ.

ಇದರಲ್ಲಿ ರೇಡಿಯೋ ಕೇಳುವವರಿಗೆ ಹಿಡಿಸುವ ಸೊಗಸೊಂದಿದೆ. ಯಂತ್ರ ಕಳಿಸುವ ದನಿ ಸೆಕೆಂಡಿಗೆ 50 ಲಕ್ಷ ಕಂಪನಗಳದು ಎನ್ನೋಣ; ನಮ್ಮ ಕಿವಿಗೆ ಅದು ಇಲ್ಲವೇ ಇಲ್ಲ. ಅದು ಧಮನಿಯಲ್ಲಿ ಓಡುವ ಕೆಂಪು ಕಣಗಳಿಗೆ ತಾಗಿ, ಕಂಪನದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾಗಿ ಹಿಂದಿರುಗುತ್ತದೆ. ರಕ್ತ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತಿದ್ದು, ದನಿ 60 ಅಂಶದ ಕೋನದಲ್ಲಿ ಹೊಕ್ಕರೆ, ಆ ವ್ಯತ್ಯಾಸ ಸುಮಾರು 1,600 ಕಂಪನಗಳಷ್ಟಾಗುವುದು. ಇದು ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಶ್ರುತಿ! ಕೇಳದ ದನಿಯನ್ನು ಕಳಿಸಿದರೆ ಕೇಳುವ ದನಿ ದೊರೆಯಿತು. ಆರೋಗ್ಯವಂತನ ಕಾಲಿನ ಧಮನಿಯಲ್ಲಿ ಅದು ಮೂರು ಹೆಜ್ಜೆಯ ಸದ್ದು: ಮುಂದಕ್ಕೊಂದು ರಭಸ, ಹಿಂದಕ್ಕೊಂದು ತುಣುಕು, ಮತ್ತೆ ಮುಂದಕ್ಕೊಂದು ಮೆಲುನಡೆ. ಮೇಲ್ಗಡೆ ದಾರಿ ಕಟ್ಟಿದ್ದರೆ ತ್ರಿಪದಿ ಕೆಟ್ಟು ಒಂದೇ ಮಂಕು ಸ್ವರವಾಗುವುದು.

ಕಿರಿದಾದ ತಾಣದಲ್ಲಿ ಮಾತ್ರ ರಕ್ತದ ವೇಗ ಹೆಚ್ಚುವುದು. ಹಿಡಕಲ್ ಜಲಾಶಯದ ಕಾಲುವೆಯನ್ನು ನೋಡಿದವರಿಗೆ ಇದು ಹೊಸತಲ್ಲ. ಕಾಲುವೆ ಇಕ್ಕಟ್ಟಾದಲ್ಲಿ ಅಷ್ಟೇ ನೀರು ಹಾಯಬೇಕಾಗಿ ಸೆಳವು ಬಿರುಸಾಗುತ್ತದೆಯಲ್ಲವೆ? ಮಿದುಳಿಗೆ ರಕ್ತವೊಯ್ಯುವ ಕುತ್ತಿಗೆಯ ಒಳಧಮನಿಯಲ್ಲಿ ವೇಗ ಸೆಕೆಂಡಿಗೆ 125 ಸೆಂಟಿಮೀಟರು ಮೀರಿದರೆ ದಾರಿ ಅರ್ಧದಷ್ಟಾದರೂ ಕಿರಿದಾಗಿದೆಯೆಂದೂ, 230 ಮೀರಿದರೆ ಶೇಕಡಾ 70ರಷ್ಟು ಕಟ್ಟಿದೆಯೆಂದೂ ವೈದ್ಯರು ಸಾಮಾನ್ಯವಾಗಿ ಎಣಿಸುವರು. ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವ ಬಗೆ ಇನ್ನೂ ಸರಳ: ಯಂತ್ರದ ಮೊನೆಯಿಂದ ಮೇಲೆ ಒತ್ತಿದರೆ ಒಳ್ಳೆಯ ಸಿರೆ ಮುಚ್ಚಿಕೊಳ್ಳುತ್ತದೆ, ಹೆಪ್ಪಿದ್ದರೆ ಮುಚ್ಚುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಸ್ಕ್ಯಾನಿಂಗ್ ಎಂದರೆ ಬಸುರಿಯರದೆಂದೇ ಭಾವನೆ. ಅದರ ದುರುಪಯೋಗ ತಡೆಯಲು 1994ರಲ್ಲಿ ಕಾಯಿದೆಯೇ ಬಂದಿತು. ಬೀಡಿ ಸೇದುವವನ ಕಾಲಿಗೂ ಅದೇ ದನಿ ಬೇಕಾಗಬಹುದೆಂಬ ತಿಳಿವಳಿಕೆ ಇನ್ನೂ ಸಾಲದು. 1908ರಲ್ಲಿ ನ್ಯೂಯಾರ್ಕಿನ ಲಿಯೊ ಬರ್ಗರ್ ಎಂಬ ವೈದ್ಯರು ವಿವರಿಸಿದ, ಅವರ ಹೆಸರನ್ನೇ ಹೊತ್ತ ರೋಗವೊಂದು ತಂಬಾಕು ಸೇವಿಸುವವರಲ್ಲಿ, ಅದೂ ದುಡಿಯುವ ವಯಸ್ಸಿನವರಲ್ಲಿ, ಕೈಕಾಲುಗಳ ನಾಳಗಳನ್ನು ಮುಚ್ಚುತ್ತದೆ. ತಂಬಾಕನ್ನು ಪೂರ್ತಿ ಬಿಡುವುದೇ ಅದನ್ನು ತಡೆಯುವ ದಾರಿ.

ಎರಡು ವರ್ಷದ ಹಿಂದೆ ಆ ರೈತರ ಮಗ ನನ್ನ ಮನೆಗೆ ಬಂದನು. ನನ್ನ ಕೈಯಲ್ಲೇ ಕಲಿತವನು. "ಸರ್, ನಮ್ಮಪ್ಪನ್ಗತೆ ನಂದೂ ಮೀನಖಂಡ ಹಿಡೀತಾವ್ರೀ" ಎಂದನು. ಅವನ ಕಿಸೆಯಲ್ಲಿಯೂ ಬೀಡಿಯ ಕಟ್ಟಿತ್ತು. ಮರುದಿನವೇ ಜೊತೆಗೂಡಿ ವೈದ್ಯರಲ್ಲಿಗೆ ಹೋದೆವು. ಅವರು ಹಿಮ್ಮಡಿಯ ಗಂಟಿನ ಬಳಿ ಜೆಲ್ ಹಚ್ಚಿ, ಪೆನ್ನಿನಷ್ಟು ಉಪಕರಣವನ್ನಿಟ್ಟರು. ಬಲಗಾಲಿನಿಂದ ಮೂರು ಹೆಜ್ಜೆಯ ಸದ್ದು ಬಂದಿತು. ಎಡಗಾಲಿನಿಂದ ಒಂದೇ, ದೂರದ ಉಸಿರಿನಂತೆ. ಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ ನೋಡಿದರು. 0.9ಕ್ಕಿಂತ ಕಡಿಮೆಯಾದರೆ ದಾರಿ ಇಕ್ಕಟ್ಟಾಗಿದೆಯೆಂದು ಲೆಕ್ಕ, ಅವನದು 0.7 ಇತ್ತು. ಅವನು ವೈದ್ಯರನ್ನು ಏನೂ ಕೇಳಲಿಲ್ಲ. ಇನ್ನೊಮ್ಮೆ ಆ ಸದ್ದನ್ನು ಕೇಳಿಸಿರೆಂದಷ್ಟೇ ಬೇಡಿದನು. ಹೊರಗೆ ಬಂದು ಬೀಡಿಯ ಕಟ್ಟನ್ನು ನನ್ನ ಕೈಯಲ್ಲಿಟ್ಟನು.

ನೋವು ಪೂರ್ತಿ ಹೋಗಿಲ್ಲ, ಔಷಧ ನಡೆದಿದೆ. ಆದರೆ ಹೊಲಕ್ಕೆ ಎರಡು ಕಾಲಿನ ಮೇಲೆಯೇ ಹೋಗುತ್ತಾನೆ. ಅವನ ತಂದೆಯ ಕಾಲದಲ್ಲಿಯೂ ಈ ವಿದ್ಯೆ ಲೋಕದಲ್ಲಿತ್ತು. ನಮ್ಮ ಓಣಿಗೆ ಅದರ ಸುದ್ದಿ ಬಂದಿರಲಿಲ್ಲ. ನಡೆದರೆ ಹಿಡಿಯುವ, ನಿಂತರೆ ಬಿಡುವ ಕಾಲುನೋವನ್ನು ವಾತವೆಂದು ತಳ್ಳಿಹಾಕದೆ, ಬೆರಳು ಕಪ್ಪಾಗುವ ಮೊದಲೇ ವೈದ್ಯರಿಂದ ಅದರ ಸದ್ದನ್ನು ಕೇಳಿಸಿಕೊಳ್ಳಿರಿ.