ಬ್ರೇಕಿಗೆ ಬುದ್ಧಿ ಬಂದ ಬಗೆ

ಮೋಟಾರು ಕಾರಿನ ಇತಿಹಾಸವೆಂದರೆ ಎಂಜಿನ್ನಿನ ಇತಿಹಾಸವೆಂದೇ ನಾವು ಬಹುಕಾಲ ತಿಳಿದಿದ್ದೆವು. ಕಳೆದ ಐವತ್ತು ವರ್ಷಗಳ ಕಥೆ ಬೇರೆ. ಗಣಕಯಂತ್ರವು ಕಾರಿನ ಒಳಹೊಕ್ಕು ಎಂಜಿನ್, ಬ್ರೇಕುಗಳನ್ನು ತನ್ನ ಅಂಕೆಗೆ ತೆಗೆದುಕೊಂಡ ಕಥೆ ಅದು. ಅದರಲ್ಲಿ ಒಂದು ತೊಡಕಿಗೆ ಕಂಡುಕೊಂಡ ಪರಿಹಾರವೇ ಮುಂದಿನ ತೊಡಕಿಗೆ ಮೂಲವಾಗುತ್ತ ಬಂದಿದೆ.

ಬ್ರೇಕನ್ನೇ ನೋಡೋಣ. ನೆನೆದ ರಸ್ತೆಯಲ್ಲಿ ಅದನ್ನು ಬಲವಾಗಿ ತುಳಿದರೆ ಚಕ್ರಗಳು ತಿರುಗದೆ ಜಾರತೊಡಗುತ್ತವೆ. ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಕಾರು ಮಾತು ಕೇಳುವುದಿಲ್ಲ. ಆದ್ದರಿಂದಲೇ ಪಳಗಿದ ಚಾಲಕರು ಬ್ರೇಕನ್ನು ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಿದ್ದರು. ಈ ಕೆಲಸವನ್ನು ಯಂತ್ರಕ್ಕೆ ವಹಿಸಿದ ಏರ್ಪಾಡೇ ಎ.ಬಿ.ಎಸ್. ಚಕ್ರದ ವೇಗವನ್ನು ಅಳೆದು, ಅದು ಕಚ್ಚಿಕೊಳ್ಳುವ ಸೂಚನೆ ಕಂಡೊಡನೆ ಒತ್ತಡವನ್ನು ಸಡಿಲಿಸಿ, ಪುನಃ ಏರಿಸಬೇಕು. ಅದೂ ಸೆಕೆಂಡಿಗೆ ಹಲವಾರು ಬಾರಿ. ಕಚೇರಿಯ ಗಣಕಯಂತ್ರ ಸಂಬಳದ ಲೆಕ್ಕವನ್ನು ಅರ್ಧ ನಿಮಿಷ ತಡವಾಗಿ ಕೊಟ್ಟರೆ ಯಾರ ಪ್ರಾಣವೂ ಹೋಗದು. ಇಲ್ಲಿ ಸರಿಯುತ್ತರವೂ ತಡವಾಗಿ ಬಂದರೆ ತಪ್ಪುತ್ತರವೇ.

ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿ 1970ರಲ್ಲಿಯೇ ಇಂಥ ಬ್ರೇಕನ್ನು ಪ್ರದರ್ಶಿಸಿತ್ತು. ಆದರೆ ಆಗಿನ ನಿಯಂತ್ರಕದಲ್ಲಿ ಸುಮಾರು 1,000 ಬಿಡಿಭಾಗಗಳಿದ್ದವು. ಒಂದು ಕೈಕೊಟ್ಟರೂ ಅಪಾಯ. ಬಾಷ್ ಕಂಪನಿ ಡಿಜಿಟಲ್ ವಿಧಾನದಿಂದ ಅವನ್ನು ಸುಮಾರು 140ಕ್ಕೆ ಇಳಿಸಿದ ಮೇಲೆ, 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನೊಡನೆ ಅದು ಮಾರುಕಟ್ಟೆಗೆ ಬಂತು. ಬೆಂಗಳೂರಿನ ಆಡುಗೋಡಿಯಲ್ಲಿ 'ಮೈಕೋ' ಎಂದು ನಮ್ಮವರ ಬಾಯಲ್ಲಿ ನಿಂತಿದ್ದ ಕಾರ್ಖಾನೆ ಇದೇ ಬಾಷ್ ಸಮೂಹದ್ದು.

ಮುಂದೆ ಕಾರಿನಲ್ಲಿ ನಿಯಂತ್ರಕಗಳು ಹೆಚ್ಚಿದವು. ಅವುಗಳ ನಡುವೆ ತಂತಿಗಳ ಕಾಡೇ ಬೆಳೆಯಿತು. ಬಾಷ್ 1983ರಲ್ಲಿ ಕೆಲಸ ಆರಂಭಿಸಿ 1986ರಲ್ಲಿ ಪ್ರಕಟಿಸಿದ 'ಕ್ಯಾನ್' ಪದ್ಧತಿಯಲ್ಲಿ ಎಲ್ಲ ನಿಯಂತ್ರಕಗಳೂ ಒಂದೇ ಜೋಡಿ ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ. ಎರಡು ಸಂದೇಶಗಳು ಒಟ್ಟಿಗೆ ಹೊರಟರೆ ಚಿಕ್ಕ ಸಂಖ್ಯೆಯದು ಮುಂದೆ ಹೋಗುತ್ತದೆ, ಇನ್ನೊಂದು ಕಾಯುತ್ತದೆ. ನಮ್ಮ ಕಚೇರಿಗಳಲ್ಲಿ 'ತುರ್ತು' ಚೀಟಿಯ ಕಡತಕ್ಕೆ ಮೊದಲು ದಾರಿ ಬಿಡುವಂತೆ. ಆದರೆ ಈ ಕಡತಕ್ಕೆ ರುಜುವಿಲ್ಲ. ಕಳುಹಿಸಿದವರು ಯಾರೆಂದು ಕೇಳದೆ ಎಲ್ಲರೂ ನಂಬುತ್ತಾರೆ. ಹೊರಗಿನ ಸಂಪರ್ಕವಿಲ್ಲದ ಅಂದಿನ ಕಾರಿಗೆ ಅಷ್ಟೇ ಸಾಕಿತ್ತು.

ಕಾರಿಗೆ ಮೊಬೈಲ್ ಸಂಪರ್ಕ ಬಂದಾಗ ಈ ನಂಬಿಕೆ ಮುಳುವಾಯಿತು. 2015ರಲ್ಲಿ ಅಮೆರಿಕದ ಸಂಶೋಧಕರಾದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಮನೆಯಲ್ಲಿ ಕುಳಿತೇ ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯ ವೇಗವನ್ನು ಕುಂದಿಸಿ ತೋರಿಸಿದರು. ಚಾಲಕನ ಒಪ್ಪಿಗೆಯಿಂದಲೇ ಮಾಡಿದ ಪರೀಕ್ಷೆ ಅದು. ಅವರು ನುಗ್ಗಿದ್ದು ಹಾಡು ಕೇಳಿಸುವ ಉಪಕರಣದ ಮೂಲಕ! ಕಂಪನಿ ಸುಮಾರು 14 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಇಂಥ ಒಳನುಗ್ಗುವಿಕೆಯನ್ನು ತಡೆಯಲು ಅಂತರರಾಷ್ಟ್ರೀಯ ನಿಯಮಗಳು ಜಾರಿಗೆ ಬಂದದ್ದು 2021ರಲ್ಲಿ.

ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ. ರಜೆಯಲ್ಲಿ ಮಕ್ಕಳುಮರಿಗಳೊಡನೆ ಊರಿಗೆ ಹೊರಡುವ ನಮ್ಮಂಥವರಿಗೆ ಇದು ದೊಡ್ಡ ಆಸರೆ. ಆದರೆ ಹಿಂದೆ ಕಾರು ಕೊಳ್ಳುವಾಗ ಅದು ಎಷ್ಟು ಮೈಲಿ ಓಡುತ್ತದೆಂದು ಕೇಳುತ್ತಿದ್ದ ನಾವು, ಅದು ಯಾರ ಮಾತನ್ನು ನಂಬುತ್ತದೆಂದೂ ಇನ್ನು ಕೇಳಬೇಕು.