ಬೆಂಕಿ ರೋಗ ಮತ್ತು ತಂಪು ರಾತ್ರಿಗಳು

ಕಾವೇರಿಯ ಹೆಸರೆತ್ತಿದರೆ ಹೊರನಾಡ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ನೀರಿನ ವ್ಯಾಜ್ಯ. ಚೆನ್ನೈಯಲ್ಲಿ ನೆಲೆಸಿದ ನಾವು ಆ ಮಾತು ಬಂದಾಗ ದನಿ ತಗ್ಗಿಸುವುದನ್ನೂ ಕಲಿತಿದ್ದೇವೆ. ಆದರೆ ಮಂಡ್ಯದ ರೈತನೂ ತಂಜಾವೂರಿನ ರೈತನೂ ಒಂದೇ ಶತ್ರುವಿನೊಡನೆ ಹೋರಾಡುತ್ತ ಬಂದ ಚರಿತ್ರೆಯೊಂದಿದೆ. ಅದರ ಬಗ್ಗೆ ನಾವು ಮಾತನಾಡಿದ್ದು ಕಡಿಮೆ. ಆ ಶತ್ರುವನ್ನು ಕನ್ನಡದ ರೈತರು ಬೆಂಕಿ ರೋಗವೆನ್ನುತ್ತಾರೆ, ತಮಿಳರು ಕುಲೈ ನೋಯ್ ಎನ್ನುತ್ತಾರೆ.

ಭತ್ತದ ಎಲೆಯ ಮೇಲೆ ನೂಲುವ ಕದಿರಿನಂತೆ ಎರಡೂ ತುದಿ ಚೂಪಾದ, ನಡುವೆ ಬೂದುಬಣ್ಣದ ಮಚ್ಚೆಗಳು ಮೂಡುತ್ತವೆ. ಅವು ಒಂದಕ್ಕೊಂದು ಕೂಡಿಕೊಂಡರೆ ಗದ್ದೆಗೆ ಗದ್ದೆಯೇ ಸುಟ್ಟಂತೆ ಕಾಣುತ್ತದೆ. ತೆನೆಯ ಕುತ್ತಿಗೆಗೆ ರೋಗ ತಗುಲಿದರೆ ಕಾಳು ಜೊಳ್ಳಾಗಿ ತೆನೆ ಮುರಿದು ಬೀಳುತ್ತದೆ. ಇದಕ್ಕೆ ಕಾರಣ ಪೈರಿಕುಲೇರಿಯ ಎಂಬ ಶಿಲೀಂಧ್ರ. ಇಬ್ಬನಿಯಲ್ಲಿ ನೆನೆದ ಎಲೆಗೆ ಅಂಟಿದ ಅದರ ಬೀಜಕಣ ಒಂದು ಸೂಕ್ಷ್ಮ ಗುಮ್ಮಟವನ್ನು ಕಟ್ಟಿಕೊಳ್ಳುತ್ತದೆ. ಅದರೊಳಗಿನ ಒತ್ತಡ ವಾಯುಭಾರದ ಸುಮಾರು 80 ಪಟ್ಟಿನವರೆಗೆ ಏರಬಲ್ಲದು. ಆ ಒತ್ತಡದಿಂದಲೇ ಅದು ಎಲೆಯನ್ನು ಚುಚ್ಚಿ ಒಳನುಗ್ಗುತ್ತದೆ.

ಚೀನಾದಲ್ಲಿ 1637ರ ಗ್ರಂಥವೊಂದು ಭತ್ತದ ಜ್ವರವೆಂದು ಬಣ್ಣಿಸಿದ್ದು ಈ ರೋಗವನ್ನೇ ಎಂದು ತಜ್ಞರು ಗುರುತಿಸಿದ್ದಾರೆ. ಭಾರತದಲ್ಲಿ ಅದು ದಾಖಲಾದದ್ದು 1913ರಲ್ಲಿ. 1919ರಲ್ಲಿ ತಂಜಾವೂರಿನ ಮುಖಜಭೂಮಿಯಲ್ಲಿ ಅದು ದೊಡ್ಡ ಪಿಡುಗಾಗಿ ಹಬ್ಬಿತು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳೂ ಅಂದು ಅದೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಪ್ರಾಂತ್ಯದ ಶಿಲೀಂಧ್ರತಜ್ಞ ಮೆಕ್‌ರೇ ಈ ರೋಗವನ್ನು ಅಧ್ಯಯನ ಮಾಡಿದರು. ನಮ್ಮ ರಾಗಿಯನ್ನು ಕಾಡುವ ಬೆಂಕಿ ರೋಗವನ್ನು 1920ರಲ್ಲಿ ಭಾರತದಿಂದ ಮೊದಲು ವರದಿ ಮಾಡಿದವರೂ ಅವರೇ. ಅದು ಕಂಡದ್ದೂ ತಂಜಾವೂರಿನ ಸೀಮೆಯಲ್ಲೇ.

ರೋಗಾಣು ಯಾವುದೆಂದು ತಿಳಿದರೂ ಕೆಲವು ತಿಂಗಳಲ್ಲಿ ಮಾತ್ರ ಅದು ಕೆರಳುವುದೇಕೆಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ಊರಿನವರೇ ಮುಖ್ಯರು: ಮದ್ರಾಸ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ಪ್ರಯೋಗಾಲಯದ ಟಿ. ಎಸ್. ಸದಾಶಿವನ್ ಮತ್ತು ಅವರ ಸಹೋದ್ಯೋಗಿ ಎಸ್. ಸೂರ್ಯನಾರಾಯಣನ್. ಹಗಲು ಬೆಚ್ಚಗಿದ್ದು ರಾತ್ರಿಯ ಉಷ್ಣಾಂಶ 20 ಡಿಗ್ರಿಯ ಆಸುಪಾಸಿಗೆ ಇಳಿದಾಗ ಭತ್ತದ ಗಿಡವೇ ರೋಗಕ್ಕೆ ಒಲಿಯುತ್ತದೆಂದು ಅವರು ತೋರಿಸಿದರು. ಅಂಥ ರಾತ್ರಿಗಳಲ್ಲಿ ಎಲೆಯೊಳಗೆ ಕರಗಿದ ಸಾರಜನಕ ಹೆಚ್ಚಾಗಿ ಶೇಖರವಾಗುತ್ತದೆ; ಶಿಲೀಂಧ್ರಕ್ಕೆ ಅದೇ ಔತಣ. ಹೆಸರು ಬೆಂಕಿಯಾದರೂ ಈ ರೋಗವನ್ನು ಹೊತ್ತಿಸುವುದು ತಂಪು. ಧನುರ್ಮಾಸದ ಯಾವ ಇಬ್ಬನಿಯನ್ನು ಸಭಾಂಗಣಗಳಿಂದ ಹೊರಬರುತ್ತ ನಾವು ಹಿತವೆಂದು ಸವಿಯುತ್ತೇವೆಯೋ, ಸಾಂಬಾ ಬೆಳೆಯ ರೈತ ಅದನ್ನು ಆತಂಕದಿಂದ ನೋಡುತ್ತಾನೆ. ಯೂರಿಯಾವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಹಾಕಿರೆಂದು ಕೃಷಿ ಇಲಾಖೆಗಳು ಹೇಳುವುದರ ಹಿಂದೆಯೂ ಇದೇ ತರ್ಕವಿದೆ.

ಇನ್ನೊಂದು ದಾರಿ ಬೀಜದ್ದು. ಕೊಯಮತ್ತೂರಿನ ವಿಜ್ಞಾನಿಗಳು ಆನೈಕೊಂಬನ್ ಎಂಬ ನಾಡತಳಿಯಿಂದ ರೋಗ ತಾಳಬಲ್ಲ ಕೋ 4 ಅನ್ನು ಆಯ್ದರು. ಅದನ್ನು ಆಡುತುರೈಯ ಎಡಿಟಿ 10ರೊಡನೆ ಸಂಕರಿಸಿ ಕೋ 25 ಅನ್ನು ಪಡೆದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವುಗಳಲ್ಲಿ ಇಂಡಾಫ್ 5ರ ವಂಶದಿಂದ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಕುತ್ತಿಗೆ ಬೆಂಕಿ ರೋಗವನ್ನು ತಡೆಯುವ ಜಿಪಿಯು 28 ಬಂತು. ಇಂದು ನಮ್ಮ ಮುದ್ದೆಯ ಹಿಂದೆ ನಾಡರಾಗಿಯ ಜೊತೆಗೆ ಸಮುದ್ರದಾಚೆಯ ರಾಗಿಯ ಋಣವೂ ಇದೆ.

ಈ ಹೋರಾಟ ಮುಗಿದಿಲ್ಲ. ಶಿಲೀಂಧ್ರ ಹೊಸ ಕುಲಗಳನ್ನು ಹುಟ್ಟಿಸಿಕೊಳ್ಳುತ್ತ, ಇಂದು ತಡೆದ ತಳಿಯನ್ನು ನಾಳೆ ಮಣಿಸುತ್ತದೆ. 1985ರಲ್ಲಿ ಬ್ರೆಜಿಲ್‌ನ ಗೋಧಿಯಲ್ಲಿ ಕಾಣಿಸಿಕೊಂಡ ಅದರದೇ ಒಂದು ಕವಲು 2016ರಲ್ಲಿ ಬಾಂಗ್ಲಾದೇಶದ ಹೊಲಗಳನ್ನು ಹೊಕ್ಕಿತು. ಆಗ ಪಶ್ಚಿಮ ಬಂಗಾಳದ ಗಡಿ ಜಿಲ್ಲೆಗಳಲ್ಲಿ ಗೋಧಿ ಬೆಳೆಯುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಗಾಳಿಯಲ್ಲಿ, ಬೀಜದಲ್ಲಿ ಸಂಚರಿಸುವ ರೋಗಕ್ಕೆ ತನಿಖಾ ಠಾಣೆಗಳಿಲ್ಲ.

ನೀರಿನ ಪಾಲನ್ನು ನ್ಯಾಯಾಲಯಗಳು ಅಳೆದು ಹಂಚಿವೆ. ರೋಗದ ತಿಳಿವು ಮಾತ್ರ ತಂಜಾವೂರು, ಕೊಯಮತ್ತೂರು, ಮದ್ರಾಸು, ಮಂಡ್ಯಗಳ ನಡುವೆ ಯಾವ ಆದೇಶವೂ ಇಲ್ಲದೆ ಕೂಡಿಬಂದಿದೆ. ಈ ಚರಿತ್ರೆಯನ್ನು ಎರಡೂ ಭಾಷೆಗಳಲ್ಲಿ ಕೇಳಿ ಹೇಳಬಲ್ಲವರು ಇಲ್ಲಿರುವ ನಾವು. ಮುಂದಿನ ಬೇಸಿಗೆಯಲ್ಲಿ ಕಾವೇರಿಯ ಮಾತು ಮತ್ತೆ ಬಿಸಿಯೇರಿದಾಗ ನೆರೆಯವರೊಡನೆ ಇದನ್ನೂ ಹಂಚಿಕೊಳ್ಳಬಹುದು.