ಭಾಗ 9: ಎಲೆಕ್ಷನ್ ಡ್ಯೂಟಿ ಬೇಕು ಅಂದವನ ಕಥೆ

ಹೋದ ವಾರ ಅಭಾದಿಂದ ಅಣ್ಣನ ಹತ್ತಿರ ಫೋನಲ್ಲಿ ಮಾತಾಡುವಾಗ 2023ರ ವಿಧಾನಸಭಾ ಚುನಾವಣೆ ಮಾತು ಬಂತು. ಅವನ ಶಾಲೆಯ ಮೇಷ್ಟ್ರುಗಳು ಡ್ಯೂಟಿ ಆದೇಶ ಬಂದ ದಿನದಿಂದ ತಪ್ಪಿಸಿಕೊಳ್ಳೋಕೆ ಓಡಾಡಿದರಂತೆ. ಅಣ್ಣನಿಗೆ ಆದೇಶವೇ ಬರಲಿಲ್ಲ. ಪೋಲಿಯೋದಿಂದ ಅವನ ಬಲಗಾಲು ಸೊರಗಿರೋದು ನಿಮಗೆ ಗೊತ್ತೇ ಇದೆ. ಕೇಳಿದರೆ, "ನಿಮಗ್ಯಾಕೆ ಸಾರ್ ಈ ಕಷ್ಟ, ಆರಾಮಾಗಿ ಮನೇಲಿರಿ" ಅಂದರಂತೆ. ಒಳ್ಳೆ ಮನಸ್ಸಿಂದ ಹೇಳಿದ ಮಾತೇ. ಆದರೂ ಅವನಿಗೆ ಅದು ಇವತ್ತಿಗೂ ಚುಚ್ಚುತ್ತೆ. ಅದಕ್ಕೇ ಈ ಸಲ ಈ ವಿಷಯದ ಇತಿಹಾಸ.

ಅಮೆರಿಕದಲ್ಲಿ 1944ರಲ್ಲೇ ಒಂದು ಕಾನೂನು ಬಂತು. ಕೇಂದ್ರ ಸರ್ಕಾರದ ಕೆಲಸಕ್ಕೆ ಪರೀಕ್ಷೆ ಬರೆಯುವ ಮಾಜಿ ಸೈನಿಕರಿಗೆ 5 ಅಂಕ ಹೆಚ್ಚು, ಸೇವೆಯಲ್ಲಿ ಅಂಗ ಊನವಾದವರಿಗೆ 10 ಅಂಕ. ನಮ್ಮಲ್ಲಿ ದಾರಿ ಬೇರೆ. ಮತಗಟ್ಟೆಗೆ ಅಂತ ಯಾರನ್ನೂ ನೇಮಕ ಮಾಡಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 26ನೇ ಕಲಂ ಪ್ರಕಾರ ಜಿಲ್ಲಾ ಚುನಾವಣಾಧಿಕಾರಿ ಮತಗಟ್ಟೆ ಸಿಬ್ಬಂದಿಯನ್ನು ನೇಮಿಸ್ತಾರೆ. 159ನೇ ಕಲಂ ಪ್ರಕಾರ ಕಚೇರಿಗಳು ನೌಕರರನ್ನು ಕೊಡಬೇಕು. ಅಂದರೆ ಸರ್ಕಾರಿ ಕೆಲಸ ಯಾರಿಗೆ ಸಿಕ್ಕಿದೆಯೋ ಅವರೇ ಮತಗಟ್ಟೆ ಮೇಜಿನ ಹಿಂದೆ ಕೂರೋರು. ಆದ್ದರಿಂದ ನಮ್ಮಲ್ಲಿ ಈ ಆದ್ಯತೆಯ ಕಥೆ ಮೀಸಲಾತಿಯ ಕಥೆಯೇ.

ಕರ್ನಾಟಕದ 1977ರ ನೇಮಕಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಶೇ 10 ಇದೆ. ನಮ್ಮ ಚಿಕ್ಕಪ್ಪ ಮಿಲಿಟರಿಯಿಂದ ಬಂದು ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತರಾದದ್ದು ಹೀಗೆ. "ಗಡಿಯಲ್ಲಿದ್ದಾಗ ನನ್ನ ಅಂಚೆ ಮತಪತ್ರ ಊರು ತಲುಪೋ ಹೊತ್ತಿಗೆ ಎಣಿಕೆ ಮುಗಿದಿರ್ತಿತ್ತು, ಈಗ ಬೇರೆಯವರ ಬೆರಳಿಗೆ ಇಂಕು ಹಚ್ತೀನಿ" ಅಂತ ನಗ್ತಿದ್ದರು. ಸೈನಿಕರು ತಮ್ಮ ಪರವಾಗಿ ಊರಲ್ಲೊಬ್ಬರಿಂದ ಮತ ಹಾಕಿಸಬಹುದು ಅನ್ನೋ ಅವಕಾಶ ಬಂದದ್ದು 2003ರಲ್ಲಿ.

ಅಂಗವಿಕಲರ ವಿಷಯದಲ್ಲಿ ಕೆಲಸದ ಮಾತಿರಲಿ, ಮತಗಟ್ಟೆ ಮೆಟ್ಟಿಲು ಹತ್ತೋದೇ ದೊಡ್ಡದಾಗಿತ್ತು. 1995ರ ಕಾಯ್ದೆ ಉದ್ಯೋಗದಲ್ಲಿ ಶೇ 3 ಕೊಟ್ಟಿತು. ಮತಗಟ್ಟೆಗೆ ರ‍್ಯಾಂಪ್ ಹಾಕಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2004ರಲ್ಲಿ. 2016ರ ಕಾಯ್ದೆ ಉದ್ಯೋಗದ ಪಾಲನ್ನು ಶೇ 4 ಮಾಡಿತು. ನಮ್ಮ ರಾಜ್ಯದಲ್ಲಿ ಸಿ ಮತ್ತು ಡಿ ವರ್ಗಕ್ಕೆ ಶೇ 5 ಇದೆ. ಅದೇ ಕಾಯ್ದೆಯ 11ನೇ ಕಲಂ ಎಲ್ಲ ಮತಗಟ್ಟೆಗಳೂ ಅಂಗವಿಕಲರಿಗೆ ಅನುಕೂಲವಾಗಿರಬೇಕು ಅನ್ನುತ್ತೆ.

ಆಮೇಲೆ ವಿಶೇಷಚೇತನ ನೌಕರರೇ ನಡೆಸುವ ಮತಗಟ್ಟೆಗಳು ಬಂದವು. 2023ರ ಮೇ 10ರಂದು ಕರ್ನಾಟಕದಲ್ಲಿ ಇಂಥವು 239 ಇದ್ದವು. ಮಹಿಳೆಯರೇ ನಡೆಸಿದ ಸಖಿ ಮತಗಟ್ಟೆಗಳು 996. ಬಲೂನು ಕಟ್ಟಿದ ಫೋಟೋ ನೀವೂ ಪೇಪರಲ್ಲಿ ನೋಡಿರ್ತೀರಿ. ಆದರೆ ಒಟ್ಟು ಮತಗಟ್ಟೆ 58,545. ಲೆಕ್ಕ ಹಾಕಿ, ಸಾವಿರಕ್ಕೆ ನಾಲ್ಕು. 224 ಕ್ಷೇತ್ರಕ್ಕೆ ಹೆಚ್ಚು ಕಡಿಮೆ ಒಂದೊಂದು.

ಡ್ಯೂಟಿ ಸುಲಭ ಅಂತ ನಾನು ಹೇಳ್ತಿಲ್ಲ. ಮಸ್ಟರಿಂಗ್ ಕೇಂದ್ರದಲ್ಲಿ ಗಂಟೆಗಟ್ಟಲೆ ನಿಲ್ಲಬೇಕು, ಮಷೀನು ಹೊತ್ತು ಎತ್ತರದ ಬಸ್ ಹತ್ತಬೇಕು, ರಾತ್ರಿ ಶಾಲೆಯ ನೆಲದ ಮೇಲೆ ಮಲಗಬೇಕು, ಸರಿಯಾದ ಟಾಯ್ಲೆಟ್ ಇರಲ್ಲ. ಆಗದವರಿಗೆ ವಿನಾಯಿತಿ ಬೇಕೇ ಬೇಕು. ಆದರೆ ಕೇಳಿದವರಿಗೆ ಕೊಡೋ ವಿನಾಯಿತಿ ಬೇರೆ, ಕೇಳದೇ ಹೆಸರು ಹೊಡೆದು ಹಾಕೋದು ಬೇರೆ. ವಾರ್ಡಲ್ಲಿ ನಾವು ಪೇಷೆಂಟನ್ನು ಎಬ್ಬಿಸುವ ಮೊದಲು "ನೀವೇ ಏಳ್ತೀರಾ, ಕೈ ಕೊಡ್ಲಾ?" ಅಂತ ಕೇಳ್ತೀವಿ. ಅಷ್ಟು ಕೇಳಿದ್ದರೆ ಸಾಕಿತ್ತು. ಕೂತು ಪಟ್ಟಿಯಲ್ಲಿ ಹೆಸರು ಗುರುತಿಸೋ ಕೆಲಸಕ್ಕೆ ಅಣ್ಣನ ಕಾಲು ಯಾವ ಅಡ್ಡಿ?

ನಾನಿರುವ ಈ ದೇಶದಲ್ಲಿ ಹೆಂಗಸರು ಮೊದಲ ಸಲ ಪುರಸಭೆ ಚುನಾವಣೆಯಲ್ಲಿ ಮತ ಹಾಕಿದ್ದು 2015ರ ಡಿಸೆಂಬರ್ 12ರಂದು. ನನಗೆ ನಮ್ಮೂರಲ್ಲಿ ಮತ ಹಾಕಬೇಕಾದರೆ ವಿಮಾನ ಹತ್ತಿ ಬಂದು ಕ್ಯೂ ನಿಲ್ಲಬೇಕು, ಇಲ್ಲಿಂದ ಹಾಕೋ ಹಾಗಿಲ್ಲ. ದೂರ ಇದ್ದಾಗಲೇ ಇದರ ಬೆಲೆ ಗೊತ್ತಾಗೋದು.

ಮುಂದಿನ ಚುನಾವಣೆಗೆ "ನನಗೂ ಡ್ಯೂಟಿ ಹಾಕಿ" ಅಂತ ಅಣ್ಣ ಅರ್ಜಿ ಬರೆದಿಟ್ಟಿದ್ದಾನೆ. ಬೇಡ ಅಂತ ಅರ್ಜಿ ಕೊಡೋರ ಸಾಲಲ್ಲಿ ಅವನೊಬ್ಬ ಬೇಕು ಅಂತ ನಿಲ್ತಾನೆ. ಊರಲ್ಲಿರೋರು ಯಾರಾದರೂ ಅವತ್ತು ಅವನ ಜೊತೆ ಹೋಗಿ ಬನ್ನಿ.